ಮೂವತ್ತೆರಡು ಸಾವಿರ ಲೀಟರ್ ನೀರನ್ನು ಸಾಕುವುದು

2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಒಂದರ ಹಿಂದೊಂದು ಒಣಗಿ, ಬಡಾವಣೆಗಳಲ್ಲಿ ಜನ ಟ್ಯಾಂಕರ್‌ಗಾಗಿ ಕಾಯುತ್ತಿದ್ದ ದಿನಗಳಲ್ಲಿ ಜಲಮಂಡಳಿ ಒಂದು ಆದೇಶ ಹೊರಡಿಸಿತು. ಈಜುಕೊಳಕ್ಕೆ ಕುಡಿಯುವ ನೀರು ಬಳಸಕೂಡದು. ಕಾವೇರಿಯದೂ ಕೂಡದು, ಕೊಳವೆಬಾವಿಯದೂ ಕೂಡದು. ತಪ್ಪಿದರೆ 5,000 ರೂಪಾಯಿ ದಂಡ. ಲಕ್ಷಗಟ್ಟಲೆ ಸುರಿದು ಹಿತ್ತಲಲ್ಲಿ ಸ್ವಂತ ಕೊಳ ಕಟ್ಟಿಸಿಕೊಂಡವರು ಆ ಬೇಸಿಗೆಯಲ್ಲಿ ಮೊದಲ ಬಾರಿಗೆ ನೀರಿನ ಲೆಕ್ಕ ಹಾಕಿದರು. ಆ ಲೆಕ್ಕವನ್ನು ಗುದ್ದಲಿ ಪೂಜೆಗೆ ಮುಂಚೆಯೇ ಹಾಕಬೇಕಿತ್ತು.

ನಾನು ಈಜುಕೊಳದ ವಿರೋಧಿಯಲ್ಲ. ಮಂಡಿ ನೋವಿನವರಿಗೆ, ಬೆನ್ನು ಹಿಡಿದುಕೊಂಡವರಿಗೆ ಈಜಿನಂಥ ವ್ಯಾಯಾಮ ಇನ್ನೊಂದಿಲ್ಲ. ಊರಿನ ಬಾವಿ, ಕೆರೆ, ಹೊಳೆಗಳಲ್ಲಿ ಈಜು ಕಲಿಯುವ ಕಾಲ ಹೋಗಿ, ಈಜು ಬಾರದ ಮಕ್ಕಳ ಒಂದು ತಲೆಮಾರೇ ಬೆಳೆದುನಿಂತಿದೆ. ಸಕಲೇಶಪುರ, ಚಿಕ್ಕಮಗಳೂರು, ಕೊಡಗಿನ ಹೋಂಸ್ಟೇಗಳಲ್ಲಿ, ದೇವನಹಳ್ಳಿ, ಕನಕಪುರ ಕಡೆಯ ತೋಟದ ಮನೆಗಳಲ್ಲಿ ಈಗ ಕೊಳಗಳು ಏಳುತ್ತಿವೆ. ಕಟ್ಟುವವರು ಕಟ್ಟಲಿ. ಆದರೆ ಅವರು ಮೊದಲು ನೋಡುವುದು ಟೈಲ್ಸಿನ ಬಣ್ಣ, ಕೊಳದ ಆಕಾರ, ಜಲಪಾತದ ಗೋಡೆ. ನನ್ನ ಪ್ರಕಾರ ಮೊದಲು ಕೇಳಿಕೊಳ್ಳಬೇಕಾದ್ದು ಬೇರೆ: ನೀರು ಎಲ್ಲಿಂದ ಬರುತ್ತದೆ, ಬಳಸಿದ ನೀರು ಎಲ್ಲಿಗೆ ಹೋಗುತ್ತದೆ, ಅದನ್ನು ದಿನಾ ನೋಡಿಕೊಳ್ಳುವವರು ಯಾರು?

ಮನೆ ಮಟ್ಟದ ಸಾಧಾರಣ ಕೊಳವನ್ನೇ ತೆಗೆದುಕೊಳ್ಳೋಣ. 24 ಅಡಿ ಉದ್ದ, 12 ಅಡಿ ಅಗಲ, 4 ಅಡಿ ಆಳ. ಗುಣಿಸಿದರೆ 1,152 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್. ಹತ್ತಿರಹತ್ತಿರ 32,600 ಲೀಟರ್ ಆಯಿತು. 6,000 ಲೀಟರಿನ ಟ್ಯಾಂಕರ್ ಐದೂವರೆ ಸಲ ಬರಬೇಕು. ಇದು ಒಂದು ಸಲದ ಖರ್ಚು, ಹೇಗೋ ತೂಗಿಸಬಹುದು. ತಪ್ಪದೇ ಬರುವ ಖರ್ಚು ಆವಿಯದು. ಬಯಲುಸೀಮೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ನೀರು ಆವಿಯಾಗುತ್ತದೆ ಎಂದಿಟ್ಟುಕೊಳ್ಳಿ. ಕಡು ಬೇಸಿಗೆಯಲ್ಲಿ ಇದಕ್ಕಿಂತ ಹೆಚ್ಚೇ ಇರುತ್ತದೆ. ಈ ಕೊಳದ ಮೇಲ್ಮೈ ಸುಮಾರು 27 ಚದರ ಮೀಟರ್. ಅಂದರೆ ದಿನಕ್ಕೆ 130 ಲೀಟರ್‌ಗೂ ಹೆಚ್ಚು, ತಿಂಗಳಿಗೆ 4,000 ಲೀಟರ್ ಗಾಳಿಗೆ ಹೋಯಿತು. ಫಿಲ್ಟರ್ ತೊಳೆಯಲು ವಾರಕ್ಕೆ ಐನೂರು ಆರುನೂರು ಲೀಟರ್ ಸೇರಿಸಿದರೆ ತಿಂಗಳಿಗೊಂದು ಟ್ಯಾಂಕರ್ ನೀರು, ಯಾರೂ ಈಜದಿದ್ದರೂ ಬೇಕು.

ಇದಕ್ಕೆ ಉತ್ತರ ನಮ್ಮ ತಲೆಯ ಮೇಲೆಯೇ ಇದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುತ್ತದೆ. ಸಾವಿರ ಚದರಡಿಯ ತಾರಸಿಯ ಮೇಲೆ ಬೀಳುವ ನೀರೇ 90,000 ಲೀಟರ್. ಅದರಲ್ಲಿ ಐದನೇ ಒಂದು ಭಾಗ ಕೈತಪ್ಪಿತು ಎಂದರೂ 72,000 ಲೀಟರ್ ಸಿಗುತ್ತದೆ. ಕೊಳವನ್ನು ಎರಡು ಸಲ ತುಂಬಿಸಿ ಮಿಗುವಷ್ಟು. ತೊಡಕು ಒಂದೇ, ಮಳೆ ಬರುವುದು ಮೇಯಿಂದ ಅಕ್ಟೋಬರ್‌ವರೆಗೆ, ನೀರು ಬೇಕಾಗುವುದು ಮಾರ್ಚ್, ಏಪ್ರಿಲ್‌ನಲ್ಲಿ. ಹಾಗಾಗಿ ಕೊಳ ಕಟ್ಟಿಸುವ ದುಡ್ಡಿನಲ್ಲೇ ಒಂದು ದೊಡ್ಡ ಸಂಪು, ಮಳೆನೀರಿನ ಫಿಲ್ಟರ್, ಮತ್ತು ಕೊಳದ ಮೇಲೆ ಎಳೆಯುವ ಹೊದಿಕೆ ಈ ಮೂರನ್ನೂ ಸೇರಿಸಿಯೇ ಅಂದಾಜುಪಟ್ಟಿ ಕೇಳಬೇಕು. ಹೊದಿಕೆ ಹಾಕಿದರೆ ಮತ್ತೆ ಮತ್ತೆ ತುಂಬಿಸುವ ನೀರಿನಲ್ಲಿ ಮೂರನೇ ಒಂದರಿಂದ ಅರ್ಧದಷ್ಟು ಉಳಿಯುತ್ತದೆ. ಮೂರೂ ಸೇರಿದಾಗ ಬಜೆಟ್ ಮೀರುತ್ತದೆ ಎಂದಾದರೆ ಕೊಳವನ್ನು ಚಿಕ್ಕದು ಮಾಡಿ, ಸಂಪನ್ನಲ್ಲ.

ನೀರಾದ ಮೇಲೆ ನೆಲ. ಕರ್ನಾಟಕದಲ್ಲಿ ನೂರು ಮೈಲಿಗೊಂದು ಬಗೆಯ ನೆಲ. ಬೆಂಗಳೂರು, ಕೋಲಾರ, ತುಮಕೂರು ಕಡೆ ಮೂರಡಿ ಅಗೆಯುವಷ್ಟರಲ್ಲಿ ಬಂಡೆ ಸಿಕ್ಕಿದರೆ ಅಗೆತದ ಲೆಕ್ಕವೇ ತಲೆಕೆಳಗಾಗುತ್ತದೆ. ಧಾರವಾಡ, ಗದಗ, ವಿಜಯಪುರ, ಕಲಬುರಗಿಯ ಎರೆಮಣ್ಣು ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗಿ ಬಾಯಿಬಿಡುತ್ತದೆ. ಅದರ ಮೇಲೆ ನೇರವಾಗಿ ಕೂರಿಸಿದ ಕೊಳ ಒಂದೆರಡು ವರ್ಷದಲ್ಲೇ ಸೀಳುವ ಭಯವಿದೆ. ಅಲ್ಲಿ ಎರೆಯನ್ನು ತೆಗೆದು ಗರಸು ತುಂಬಿ, ಪದರಪದರವಾಗಿ ದಮ್ಮಸು ಮಾಡಿ, ಆಮೇಲೆ ಕಾಂಕ್ರೀಟ್ ಹಾಕಬೇಕು. ಕರಾವಳಿಯದು ಇನ್ನೊಂದು ಕಥೆ. ಅಲ್ಲಿನ ಮುರಕಲ್ಲು ಅಗೆಯಲು ಸುಲಭ, ಆದರೆ ಜುಲೈ ಬಂತೆಂದರೆ ನೀರು ನೆಲದ ಮೇಲೆಯೇ ಬಂದು ನಿಂತಂತೆ ಇರುತ್ತದೆ.

ಕರಾವಳಿ, ಮಲೆನಾಡಿನವರು ಈ ಒಂದು ಸಂಗತಿಯನ್ನು ಚೆನ್ನಾಗಿ ಅರಿತಿರಬೇಕು. ನೆಲದೊಳಗೆ ನೀರು ತುಂಬಿದ್ದಾಗ ಕೊಳವನ್ನು ಖಾಲಿ ಮಾಡಿದರೆ ಅದು ಮೇಲಕ್ಕೆದ್ದು ಬರಬಹುದು. ನಂಬಲು ಕಷ್ಟ, ಆದರೆ ಲೆಕ್ಕ ಸರಳ. ನಮ್ಮ 24 ಅಡಿಯ ಕೊಳ ಅಂಚಿನವರೆಗೆ ಅಂತರ್ಜಲದಲ್ಲಿ ಮುಳುಗಿದೆ ಎಂದಾದರೆ ಅದು 32 ಟನ್‌ಗೂ ಹೆಚ್ಚು ನೀರಿನ ಜಾಗ ಆಕ್ರಮಿಸಿದೆ. ಅಷ್ಟೇ ಬಲ ಅದನ್ನು ಕೆಳಗಿನಿಂದ ಮೇಲಕ್ಕೆ ಒತ್ತುತ್ತಿರುತ್ತದೆ. ಕೊಳ ತುಂಬಿದ್ದಾಗ ಒಳಗಿನ ನೀರೇ ಆ ಒತ್ತಡಕ್ಕೆ ಎದುರು ಭಾರ. ಖಾಲಿ ಮಾಡಿದರೆ ಫೈಬರ್‌ಗ್ಲಾಸಿನ ತೊಟ್ಟಿ, ಹೆಚ್ಚೆಂದರೆ ಒಂದೆರಡು ಟನ್ ತೂಗುವುದು, ದೋಣಿಯಾಗುತ್ತದೆ. ಕಾಂಕ್ರೀಟಿನ ಕೊಳವೂ ಒಂದು ಮೂಲೆ ಎತ್ತಿಕೊಂಡು ಪೈಪುಗಳನ್ನು ಕಿತ್ತುಕೊಂಡು ನಿಲ್ಲಬಹುದು. ಸರಿಪಡಿಸುವ ದಾರಿ ಇಲ್ಲವೆಂದೇ ಹೇಳಬೇಕು, ಒಡೆದು ಮತ್ತೆ ಕಟ್ಟುವುದೇ. ಇದನ್ನು ತಪ್ಪಿಸಲು ತಳದಲ್ಲಿ ಜಲ್ಲಿಯ ಪದರ, ಅದರಿಂದ ನೀರು ಹೊರಸಾಗಿಸುವ ಪೈಪು, ಮತ್ತು ಹೊರಗಿನ ಒತ್ತಡ ಹೆಚ್ಚಾದಾಗ ತಾನೇ ತೆರೆದುಕೊಂಡು ನೆಲದ ನೀರನ್ನು ಕೊಳದೊಳಕ್ಕೆ ಬಿಡುವ ವಾಲ್ವ್ ಕೂರಿಸುತ್ತಾರೆ. ವಾಲ್ವ್ ಇದ್ದರೂ ಮಳೆಗಾಲದಲ್ಲಿ ಕೊಳ ಖಾಲಿ ಮಾಡಬೇಡಿ. ತೊಳೆಯುವುದಿದ್ದರೆ ಫೆಬ್ರವರಿ, ಮಾರ್ಚ್‌ನಲ್ಲಿ ತೊಳೆಯಿರಿ.

ಕಟ್ಟುವ ಬಗೆಗಳು ಮುಖ್ಯವಾಗಿ ಮೂರು. ವಿನೈಲ್ ಹಾಳೆ ಹೊದಿಸಿದ ಕೊಳ ಅಗ್ಗ. ಆದರೆ ಹಾಳೆ ಕೆಲವು ವರ್ಷಗಳಲ್ಲಿ ಸುಕ್ಕಾಗುತ್ತದೆ, ನಾಯಿಯ ಉಗುರಿಗೂ ಹರಿಯುತ್ತದೆ, ನಮ್ಮ ಕಡೆ ತೇಪೆ ಹಾಕುವ ಅನುಭವಿಗಳೂ ಕಡಿಮೆ. ನಾನು ಅದನ್ನು ಯಾರಿಗೂ ಸೂಚಿಸುವುದಿಲ್ಲ. ಫೈಬರ್‌ಗ್ಲಾಸಿನದು ಕಾರ್ಖಾನೆಯಲ್ಲಿ ಒಂದೇ ಅಚ್ಚಿನಲ್ಲಿ ತಯಾರಾಗಿ ಲಾರಿಯಲ್ಲಿ ಬರುತ್ತದೆ. ಗುಂಡಿ ಸಿದ್ಧವಿದ್ದರೆ ಕ್ರೇನಿನಲ್ಲಿ ಇಳಿಸಿ, ಪೈಪು ಜೋಡಿಸಿ, ಕೆಲವೇ ದಿನಗಳಲ್ಲಿ ನೀರು ಬಿಡಬಹುದು. ಒಳಮೈ ನುಣುಪು, ಪಾಚಿ ಬೇಗ ಹಿಡಿಯುವುದಿಲ್ಲ, ಟೈಲ್ಸಿನ ಸಂದಿಗಳ ರಗಳೆ ಇಲ್ಲ. ಅಡ್ಡಿ ಬರುವುದು ರಸ್ತೆಯದು. ಹತ್ತಡಿ ಅಗಲದ ತೊಟ್ಟಿ ಹೊತ್ತ ಲಾರಿ ನಿಮ್ಮ ಬೀದಿಯ ತಿರುವಿನಲ್ಲಿ ಹೊರಳುತ್ತದೆಯೇ, ಕರೆಂಟ್ ತಂತಿ ತಗಲುತ್ತದೆಯೇ, ಕ್ರೇನ್ ನಿಲ್ಲಲು ಜಾಗವಿದೆಯೇ ಎಂದು ಮುಂಗಡ ಕೊಡುವ ಮುನ್ನ ಟೇಪು ಹಿಡಿದು ಅಳೆಯಬೇಕು. ಕಾಫಿ ತೋಟದ ಇಳಿಜಾರು ದಾರಿಗಳಲ್ಲಿ ಬಹಳ ಸಲ ಇದೇ ಕಾರಣಕ್ಕೆ ಫೈಬರ್‌ಗ್ಲಾಸ್ ಕೈಬಿಡಬೇಕಾಗುತ್ತದೆ.

ಬೇರೆಡೆ ಸಿದ್ಧಪಡಿಸಿ ತಂದು ಜೋಡಿಸುವ ಈ ವಿದ್ಯೆ ನಮಗೆ ಹೊಸತೇನೂ ಅಲ್ಲ. ಹಂಪಿಯ ರಾಜಾವರಣದಲ್ಲಿ, ಮಹಾನವಮಿ ದಿಬ್ಬದ ಸಮೀಪ, 1980ರ ದಶಕದ ಉತ್ಖನನದಲ್ಲಿ ಹೊರಬಂದ ಮೆಟ್ಟಿಲು ಪುಷ್ಕರಣಿಯನ್ನು ಹತ್ತಿರ ನಿಂತು ನೋಡಿ. ಕಪ್ಪು ಕಲ್ಲಿನ ತುಂಡುಗಳ ಮೇಲೆ ಯಾವ ದಿಕ್ಕು, ಯಾವ ಸಾಲು, ಯಾವ ಸ್ಥಾನ ಎಂದು ಗುರುತು ಕೊರೆದಿದ್ದಾರೆ. ಕಲ್ಲಿನ ನಾಲೆಯ ಮೂಲಕ ಅದಕ್ಕೆ ನೀರು ಹರಿದು ಬರುತ್ತಿತ್ತು. ಕಟ್ಟಿದವರು ನೀರು ಬರುವ ದಾರಿಗೂ ಮೆಟ್ಟಿಲುಗಳಿಗೆ ಕೊಟ್ಟಷ್ಟೇ ಬೆಲೆ ಕೊಟ್ಟಿದ್ದರು ಎಂಬುದು ನನಗೆ ಪ್ರತಿ ಸಲವೂ ಮನಸ್ಸಿಗೆ ನಾಟುತ್ತದೆ.

ಕಟ್ಟುವ ಬಗೆಗಳಲ್ಲಿ ಮೂರನೆಯದು ಕಾಂಕ್ರೀಟ್. ನಮ್ಮ ನಾಡಿನಲ್ಲಿ ಬಹುತೇಕ ಕೊಳಗಳು ಇವೇ. ಕಂಬಿ ಕಟ್ಟಿ, ಸೆಂಟ್ರಿಂಗ್ ಹೊಡೆದು ಹಾಕುವ ಮಾಮೂಲಿ ಆರ್‌ಸಿಸಿ ಒಂದು ವಿಧಾನ. ಗಾಳಿಯ ಒತ್ತಡದಲ್ಲಿ ಗಾರೆಯನ್ನು ಕಂಬಿಯ ಮೇಲೆ ಎರಚುವ ಗನೈಟ್ ಇನ್ನೊಂದು. ಈ ಎರಚುವ ಯಂತ್ರ ಹುಟ್ಟಿದ್ದು ಚಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿ. ಅಲ್ಲಿ ಸತ್ತ ಪ್ರಾಣಿಗಳ ಚರ್ಮಕ್ಕೆ ಜೀವಂತ ರೂಪ ಕೊಡುತ್ತಿದ್ದ ಕಾರ್ಲ್ ಏಕ್ಲಿ 1907ರ ಸುಮಾರಿಗೆ ಕಟ್ಟಡದ ಉದುರುತ್ತಿದ್ದ ಹೊರಗೋಡೆಯನ್ನು ಸರಿಪಡಿಸಲೆಂದು ಅದನ್ನು ರೂಪಿಸಿದ. ಬಾಗುಬಳುಕಿನ ಆಕಾರದ ಕೊಳಗಳು ಸಾಧ್ಯವಾದದ್ದು ಅದರಿಂದ. ಆಯತಾಕಾರದ ಕೊಳಕ್ಕೆ ಮಾಮೂಲಿ ಆರ್‌ಸಿಸಿ ಸಾಕು. ಊರಿನ ಮೇಸ್ತ್ರಿಗೆ ಗೊತ್ತಿರುವ ಕೆಲಸ ಅದು, ಗೊತ್ತಿರುವ ಕೆಲಸವನ್ನು ಅವನು ಚೆನ್ನಾಗಿಯೇ ಮಾಡುತ್ತಾನೆ.

ಆದರೆ ಒಂದು ಹಂತದಲ್ಲಿ ನೀವು ಗಟ್ಟಿಯಾಗಿ ನಿಲ್ಲಬೇಕು. ಕಾಂಕ್ರೀಟ್ ಕ್ಯೂರಿಂಗ್ ಮುಗಿದು, ವಾಟರ್‌ಪ್ರೂಫಿಂಗ್ ಆದ ಮೇಲೆ, ಟೈಲ್ಸ್ ಹಚ್ಚುವ ಮುಂಚೆ, ಕೊಳಕ್ಕೆ ಪೂರ್ತಿ ನೀರು ತುಂಬಿಸಿ ಒಂದು ವಾರ ಬಿಡಬೇಕು. ಗೋಡೆಯ ಮೇಲೆ ಪೆನ್ಸಿಲಿನಿಂದ ನೀರಿನ ಮಟ್ಟದ ಗೆರೆ ಎಳೆಯಿರಿ. ಪಕ್ಕದಲ್ಲೇ, ಕೊಳದ ಮೆಟ್ಟಿಲ ಮೇಲೆ, ಒಂದು ಬಕೆಟ್ಟಿಗೆ ನೀರು ತುಂಬಿ ಇಟ್ಟು ಅದರೊಳಗೂ ಗೆರೆ ಎಳೆಯಿರಿ. ಬಿಸಿಲು ಎರಡಕ್ಕೂ ಒಂದೇ, ಗಾಳಿಯೂ ಒಂದೇ. ಇಪ್ಪತ್ನಾಲ್ಕು ಗಂಟೆಯ ನಂತರ ಬಕೆಟ್ಟಿನಲ್ಲಿ ಅರ್ಧ ಸೆಂಟಿಮೀಟರ್ ಇಳಿದು ಕೊಳದಲ್ಲಿ ಒಂದೂವರೆ ಇಳಿದಿದ್ದರೆ ಆ ಒಂದು ಸೆಂಟಿಮೀಟರ್ ಸೋರಿಕೆ. ನಮ್ಮ ಅಳತೆಯ ಕೊಳದಲ್ಲಿ ಅದು ದಿನಕ್ಕೆ 270 ಲೀಟರ್. ಸೋರುವ ಜಾಗ ಹೆಚ್ಚಾಗಿ ಗೋಡೆಯ ನಡುವೆ ಇರುವುದಿಲ್ಲ. ಪೈಪು ಗೋಡೆ ತೂರುವಲ್ಲಿ, ದೀಪದ ಗೂಡಿನಲ್ಲಿ, ತಳವೂ ಗೋಡೆಯೂ ಕೂಡುವ ಮೂಲೆಯಲ್ಲಿ ಇರುತ್ತದೆ. ಟೈಲ್ಸ್ ಹಚ್ಚಿದ ಮೇಲೆ ಇದನ್ನು ಹುಡುಕುವುದು ದೊಡ್ಡ ಯಾತನೆ. ಗುತ್ತಿಗೆದಾರ ‘ನೀರಿಗೆ ಯಾಕೆ ದಂಡ ಸಾರ್, ನಾನು ಗ್ಯಾರಂಟಿ ಕೊಡ್ತೀನಿ’ ಎನ್ನಬಹುದು. ಒಪ್ಪಬೇಡಿ. ಕೊನೆಯ ಕಂತಿನ ಹಣವನ್ನು ಈ ಪರೀಕ್ಷೆಗೆ ಕಟ್ಟಿಹಾಕುವ ಮಾತು ಕರಾರಿನಲ್ಲೇ ಇರಲಿ. ಕೊಳ ಹಳೆಯದಾದ ಮೇಲೂ ಈ ಬಕೆಟ್ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ.

ಆಳದ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ. ಮನೆಯ ಕೊಳಕ್ಕೆ 4 ಅಡಿ ಸಾಕು, ಅದೂ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮ. ಈಜಲು ನಾಲ್ಕಡಿ ಧಾರಾಳ. ಆರಡಿ, ಎಂಟಡಿಯ ‘ಡೀಪ್ ಎಂಡ್’ ಬೇಕೆನ್ನುವುದು ಮೇಲಿನಿಂದ ಧುಮುಕುವ ಆಸೆಯಿಂದ. ಎಂಟಡಿಯಲ್ಲೂ ತಲೆಕೆಳಗಾಗಿ ಧುಮುಕಿ ಕುತ್ತಿಗೆ ಮುರಿದುಕೊಂಡವರಿದ್ದಾರೆ. ಇಳಿಜಾರು ತಳ ಈಜು ಬಾರದವರಿಗೆ ಬಲೆ: ಸೊಂಟದ ಮಟ್ಟದ ನೀರಿನಲ್ಲಿ ನಡೆಯುತ್ತಾ ನಡೆಯುತ್ತಾ ಕಾಲು ಜಾರಿದ್ದೇ ಗೊತ್ತಾಗುವುದಿಲ್ಲ. ಆಳ ಕಡಿಮೆಯಾದರೆ ನೀರೂ ಕಡಿಮೆ, ರಾಸಾಯನಿಕವೂ ಕಡಿಮೆ, ಕರೆಂಟೂ ಕಡಿಮೆ. ಟೈಲ್ಸ್ ತಿಳಿ ಬಣ್ಣದವೇ ಇರಲಿ. ಈಗ ಕಡು ಬೂದು, ಕಪ್ಪು ಟೈಲ್ಸ್ ಹಚ್ಚಿ ಕಾಡಿನ ಕೊಳದಂತೆ ಕಾಣಿಸುವ ಖಯಾಲಿ ಬಂದಿದೆ. ತಳದಲ್ಲಿ ಬಿದ್ದಿರುವ ಮಗು ಅಂಥ ಕೊಳದಲ್ಲಿ ಕಾಣಿಸುವುದಿಲ್ಲ. ಇದಕ್ಕಿಂತ ಬೇರೆ ಕಾರಣ ಬೇಕೆಂದು ನನಗೆ ಅನ್ನಿಸುವುದಿಲ್ಲ.

ಕೊಳದ ಹೃದಯ ಇರುವುದು ಪಕ್ಕದ ಚಿಕ್ಕ ಪಂಪ್ ಕೋಣೆಯಲ್ಲಿ. ಕೊಳದ ಅಷ್ಟೂ ನೀರು ಆರರಿಂದ ಎಂಟು ಗಂಟೆಗೊಮ್ಮೆ ಫಿಲ್ಟರಿನ ಮೂಲಕ ಹಾದುಹೋಗುವಂತೆ ಪಂಪನ್ನು ಆರಿಸಬೇಕು. ಒಂದು ಎಚ್‌ಪಿ ಮೋಟಾರು ದಿನಕ್ಕೆ ಎಂಟು ಗಂಟೆ ಓಡಿದರೆ ಆರೇಳು ಯೂನಿಟ್, ತಿಂಗಳಿಗೆ ಇನ್ನೂರರ ಹತ್ತಿರ. ವೇಗ ಬದಲಿಸಬಹುದಾದ ಪಂಪು ದುಬಾರಿ, ಆದರೆ ಭೌತಶಾಸ್ತ್ರ ಅದರ ಪರವಾಗಿದೆ: ವೇಗವನ್ನು ಅರ್ಧಕ್ಕಿಳಿಸಿದರೆ ಎಳೆಯುವ ವಿದ್ಯುತ್ತು ಹೆಚ್ಚುಕಡಿಮೆ ಎಂಟನೇ ಒಂದಕ್ಕೆ ಇಳಿಯುತ್ತದೆ. ಎರಡರಷ್ಟು ಹೊತ್ತು ಓಡಿಸಿದರೂ ಬಿಲ್ಲು ಕಾಲು ಭಾಗ. ಫಿಲ್ಟರ್ ಸಾಮಾನ್ಯವಾಗಿ ಮರಳಿನದು. ಅದರ ಒತ್ತಡದ ಮುಳ್ಳು ಏರಿದಾಗ ವಾಲ್ವ್ ತಿರುಗಿಸಿ ನೀರನ್ನು ಹಿಮ್ಮುಖವಾಗಿ ಬಿಡಬೇಕು. ಪೈಪಿನ ಮೇಲೊಂದು ಗಾಜಿನ ಕಣ್ಣು ಇರುತ್ತದೆ. ಮೊದಲು ಅದರಲ್ಲಿ ಕೊಳಕು ಚಹಾದಂಥ ನೀರು ಓಡುತ್ತದೆ, ಎರಡು ಮೂರು ನಿಮಿಷದಲ್ಲಿ ಮಬ್ಬಾಗುತ್ತದೆ, ಆಮೇಲೆ ತಿಳಿಯಾಗುತ್ತದೆ. ತಿಳಿಯಾದ ಕೂಡಲೇ ನಿಲ್ಲಿಸಬೇಕು. ಗಡಿಯಾರ ನೋಡಿ ಹತ್ತು ನಿಮಿಷ ಬಿಡುವ ಕೆಲಸಗಾರ ಪ್ರತಿ ಸಲವೂ ಸಾವಿರ ಲೀಟರ್ ಒಳ್ಳೆಯ ನೀರನ್ನು ಚರಂಡಿಗೆ ಕಳಿಸುತ್ತಿರುತ್ತಾನೆ. ಆ ಹೊರಹೋಗುವ ನೀರಿಗೆ ಒಂದು ಪ್ರತ್ಯೇಕ ತೊಟ್ಟಿ ಮಾಡಿ, ಕೆಲವು ದಿನ ಬಿಸಿಲಿಗೆ ಬಿಟ್ಟು ಕ್ಲೋರಿನ್ ಇಳಿದ ಮೇಲೆ ಗಿಡಗಳಿಗೆ ಹಾಕಬಹುದು. ಮಲೆನಾಡಿನ ಹೋಂಸ್ಟೇಗಳು ಅದನ್ನು ನೇರ ಹಳ್ಳಕ್ಕೆ ಬಿಡುವುದನ್ನು ನಿಲ್ಲಿಸಲೇಬೇಕು. ಕ್ಲೋರಿನ್ ಮೀನುಗಳಿಗೆ ತೀರಾ ಅಲ್ಪ ಪ್ರಮಾಣದಲ್ಲೂ ವಿಷ.

ಇನ್ನು ನೀರಿನ ಗುಣ. ಹೆಚ್ಚಿನವರು ಎಡವುವುದು ಇಲ್ಲಿ. ‘ಈ ಕೊಳದಲ್ಲಿ ಕ್ಲೋರಿನ್ ಜಾಸ್ತಿ, ಮೂಗಿಗೆ ಹೊಡೆಯುತ್ತದೆ’ ಎನ್ನುತ್ತೇವೆ. ನಿಜ ಸಂಗತಿ ಬಹುಪಾಲು ಅದರ ವಿರುದ್ಧ. ಕ್ಲೋರಿನ್ನು ಬೆವರು, ಮೂತ್ರದೊಂದಿಗೆ ಸೇರಿ ಕ್ಲೋರಮೈನ್ ಆದಾಗ ಆ ಘಾಟು ಬರುವುದು, ಕಣ್ಣು ಉರಿಯುವುದು. ಕೆಲಸ ಮಾಡುವ ಕ್ಲೋರಿನ್ ಮುಗಿದಿದೆ, ಇನ್ನಷ್ಟು ಹಾಕಬೇಕು ಎಂಬುದರ ಸೂಚನೆ ಅದು. ಇಳಿಯುವ ಮುನ್ನ ಸೋಪು ಹಚ್ಚಿ ಸ್ನಾನ ಮಾಡಿ ಎಂಬ ಬೋರ್ಡಿನ ಹಿಂದಿನ ರಸಾಯನಶಾಸ್ತ್ರ ಇಷ್ಟೇ. ತಲೆಗೆ ಎಣ್ಣೆ ಹಚ್ಚಿಕೊಂಡು ನೇರ ಕೊಳಕ್ಕಿಳಿಯುವ ನಮ್ಮ ಅಭ್ಯಾಸಕ್ಕೆ ಫಿಲ್ಟರ್ ಬಹಳ ಬೆಲೆ ತೆರುತ್ತದೆ.

ನೀರಿನಲ್ಲಿ ಮುಕ್ತ ಕ್ಲೋರಿನ್ 1ರಿಂದ 3 ಪಿಪಿಎಂ, ಪಿಎಚ್ 7.2ರಿಂದ 7.8ರ ನಡುವೆ ಇರಬೇಕು. ಪಿಎಚ್ ಯಾಕೆ ಮುಖ್ಯವೆಂದರೆ, ರೋಗಾಣು ಕೊಲ್ಲುವುದು ಕ್ಲೋರಿನ್ನಿನ ಒಂದು ರೂಪ ಮಾತ್ರ. ಪಿಎಚ್ 7.2 ಇದ್ದಾಗ ಮೂರರಲ್ಲಿ ಎರಡು ಪಾಲು ಆ ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ಕಾಲು ಪಾಲಿಗೆ ಇಳಿಯುತ್ತದೆ. ನಮ್ಮ ಗಡಸು ಕೊಳವೆಬಾವಿ ನೀರು ಪಿಎಚ್ ಅನ್ನು ಮೇಲಕ್ಕೆ ಎಳೆಯುತ್ತಲೇ ಇರುತ್ತದೆ. ಆಗ ಚೀಲಗಟ್ಟಲೆ ಪುಡಿ ಸುರಿದರೂ ಪಾಚಿ ಹೋಗುವುದಿಲ್ಲ. ಮೊದಲು ಪಿಎಚ್ ಇಳಿಸಿ, ಆಮೇಲೆ ಕ್ಲೋರಿನ್ ಹಾಕಿ. ಒಂದು ಹನಿಹಾಕುವ ಪರೀಕ್ಷಾ ಕಿಟ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಒಂದು ಕೊಳವೆಗೆ ಹನಿ ಹಾಕಿದರೆ ಹಳದಿ, ಇನ್ನೊಂದಕ್ಕೆ ಹಾಕಿದರೆ ಕೆಂಪು. ಪಕ್ಕದ ಪಟ್ಟಿಗೆ ಹೋಲಿಸಿ ನೋಡುವುದು ಎರಡು ನಿಮಿಷದ ಕೆಲಸ. ದಿನಕ್ಕೊಮ್ಮೆ ಅದನ್ನು ಮಾಡುವ ಮನೆಯ ಕೊಳ ಹಸಿರಾಗುವುದು ಅಪರೂಪ.

ಕೊಳವೆಬಾವಿ ನೀರಿನಲ್ಲಿ ಕಬ್ಬಿಣವಿದ್ದರೆ ಮೊದಲ ದಿನವೇ ಆಘಾತ ಕಾದಿರುತ್ತದೆ. ತುಂಬಿಸುವಾಗ ನೀರು ಸ್ಫಟಿಕದಂತೆ ಇರುತ್ತದೆ. ಕ್ಲೋರಿನ್ ಬಿದ್ದ ಕೂಡಲೇ ಕಣ್ಣೆದುರೇ ಕಂದಾಗಿ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ, ಹೊಸ ಟೈಲ್ಸಿನ ಮೇಲೆ ಕಲೆ ಕೂರುತ್ತದೆ. ಒಂದು ಬಿಳಿ ಬಕೆಟ್ಟಿಗೆ ಆ ನೀರು ಹಿಡಿದು, ಚಿಟಿಕೆ ಬ್ಲೀಚಿಂಗ್ ಪೌಡರ್ ಹಾಕಿ ಒಂದು ರಾತ್ರಿ ಬಿಟ್ಟರೆ ಇದು ಮೊದಲೇ ಗೊತ್ತಾಗುತ್ತದೆ. ತಿಳಿದಿದ್ದರೆ ಕಬ್ಬಿಣ ತೆಗೆಯುವ ಫಿಲ್ಟರ್ ಮೂಲಕವೇ ತುಂಬಿಸಬಹುದು.

ಅಂಗಡಿಯವರು ಹೇಳದ ಇನ್ನೊಂದು ವಿಷಯವಿದೆ. ಬಿಸಿಲಿಗೆ ಬರಿಯ ಕ್ಲೋರಿನ್ ಕೆಲವೇ ಗಂಟೆಗಳಲ್ಲಿ ಕರಗಿಹೋಗುತ್ತದೆ. ಅದಕ್ಕೇ ಸಯನ್ಯೂರಿಕ್ ಆಮ್ಲವೆಂಬ ಕಾವಲು ಬೇಕು, ಅದು 30ರಿಂದ 50 ಪಿಪಿಎಂ ಇದ್ದರೆ ಚೆನ್ನ. ಪೇಟೆಯಲ್ಲಿ ಟಿಸಿಸಿಎ ಎಂದು ಸಿಗುವ ಹರಳು, ಮಾತ್ರೆಗಳಲ್ಲಿ ಇದು ಸೇರಿಕೊಂಡೇ ಇರುತ್ತದೆ. ಆದರೆ ಕ್ಲೋರಿನ್ ಖರ್ಚಾಗುತ್ತದೆ, ಈ ಆಮ್ಲ ಆಗುವುದಿಲ್ಲ. ಟಿಸಿಸಿಎ 10 ಪಿಪಿಎಂ ಕ್ಲೋರಿನ್ ಕೊಡುವಾಗ ಸುಮಾರು 6 ಪಿಪಿಎಂ ಆಮ್ಲವನ್ನೂ ಬಿಟ್ಟುಹೋಗುತ್ತದೆ. ದಿನಕ್ಕೆ 2 ಪಿಪಿಎಂನಂತೆ ಹಾಕುತ್ತಾ ಬಂದರೆ ಮೂರು ತಿಂಗಳಲ್ಲಿ ಅದು ನೂರು ದಾಟುತ್ತದೆ. ಆಗ ಪರೀಕ್ಷೆಯಲ್ಲಿ ಕ್ಲೋರಿನ್ ಕಾಣಿಸಿದರೂ ಅದು ಮಂದವಾಗಿರುತ್ತದೆ, ನೀರು ಹಸಿರಾಗುತ್ತದೆ, ಒಂದಷ್ಟು ನೀರು ಚೆಲ್ಲಿ ಹೊಸತು ತುಂಬದೆ ಬೇರೆ ದಾರಿಯಿಲ್ಲ. ಅದಕ್ಕೆ ಟಿಸಿಸಿಎಯನ್ನು ಒಂದೆರಡು ತಿಂಗಳು ಬಳಸಿ, ಆಮೇಲೆ ದ್ರವ ಕ್ಲೋರಿನ್ನಿಗೆ ಬದಲಾಯಿಸಿಕೊಳ್ಳುವುದು ಜಾಣತನ. ಸಂಜೆ ಹೊತ್ತು ಹಾಕಿದರೆ ರಾತ್ರಿಯಿಡೀ ಅದು ಕೆಲಸ ಮಾಡುತ್ತದೆ. ಎರಡು ಬಗೆಯ ಕ್ಲೋರಿನ್ ಪುಡಿಗಳನ್ನು ಒಂದೇ ಡಬ್ಬಿಗೆ, ಒಂದೇ ಚಮಚಕ್ಕೆ ತಾಗಿಸಬಾರದು. ಟಿಸಿಸಿಎ ಮತ್ತು ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಸೇರಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಪಿಎಚ್ ಇಳಿಸುವ ಆಮ್ಲದ ಕ್ಯಾನು ಬೇರೆ ಕೋಣೆಯಲ್ಲಿರಲಿ. ಪುಡಿಯನ್ನು ನೀರಿಗೆ ಹಾಕಬೇಕೇ ಹೊರತು ಪುಡಿಯ ಮೇಲೆ ನೀರು ಸುರಿಯಬಾರದು.

ಉಪ್ಪಿನ ಕೊಳ ಎಂಬುದೂ ಕ್ಲೋರಿನ್ ಕೊಳವೇ. ಲೀಟರಿಗೆ ಮೂರು ನಾಲ್ಕು ಗ್ರಾಂ ಉಪ್ಪು ಹಾಕಿ, ವಿದ್ಯುತ್ತಿನಿಂದ ಅದರಲ್ಲೇ ಕ್ಲೋರಿನ್ ತಯಾರಿಸುತ್ತಾರೆ. ಮೈಗೆ ಹಿತ, ದಿನಾ ಪುಡಿ ಅಳೆಯುವ ಕೆಲಸವಿಲ್ಲ. ಆದರೆ ಕಬ್ಬಿಣದ ಏಣಿ, ಮೃದು ಕಲ್ಲಿನ ಅಂಚು ಸವೆಯುತ್ತದೆ, ಹೊರಬಿಟ್ಟ ನೀರು ತೋಟದ ಮಣ್ಣನ್ನು ಕೆಡಿಸುತ್ತದೆ. ಅಡಿಕೆ, ಕಾಫಿಯ ನಡುವೆ ಇರುವವರಿಗೆ ನಾನು ಅದನ್ನು ಸೂಚಿಸಲಾರೆ.

ಹಸು ಕಟ್ಟಿದ ಮನೆಯವರು ಊರಿಗೆ ಹೋಗುವ ಮುನ್ನ ಹುಲ್ಲು ಹಾಕುವವರನ್ನು ಗೊತ್ತುಮಾಡುತ್ತಾರಲ್ಲ, ಕೊಳ ಇದ್ದವರೂ ಹಾಗೆಯೇ ಮಾಡಬೇಕು. ಏಪ್ರಿಲ್ ಬಿಸಿಲಿನಲ್ಲಿ ಪಂಪ್ ನಿಲ್ಲಿಸಿ ಒಂದು ವಾರ ಹೋದರೆ ಕೊಳ ಹಸಿರಾಗುತ್ತದೆ, ಎರಡನೇ ವಾರಕ್ಕೆ ಸೊಳ್ಳೆ ಮರಿಗಳು ತೇಲುತ್ತವೆ. ರಾಜ್ಯ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ವಿಧಿಸುವ ನಿಯಮ ತಂದಿದೆ. ದಂಡಕ್ಕಿಂತ ಪಕ್ಕದ ಮನೆಯ ಮಕ್ಕಳ ಜ್ವರ ನಮ್ಮನ್ನು ಎಚ್ಚರಿಸಬೇಕು. ತೋಟದ ಮನೆಗೆ ತಿಂಗಳಿಗೊಮ್ಮೆ ಮಾತ್ರ ಹೋಗುವವರು, ನೋಡಿಕೊಳ್ಳುವ ಆಳಿಲ್ಲದವರು, ಕೊಳ ಕಟ್ಟಿಸದಿರುವುದೇ ಲೇಸು. ಹೊಂಗೆ, ಹುಣಸೆ, ಗುಲ್‌ಮೊಹರ್ ಮರಗಳ ಕೆಳಗೂ ಬೇಡ. ಎಲೆ ಬಾಚುವುದರಲ್ಲೇ ದಿನ ಕಳೆಯುತ್ತದೆ.

ಕೊನೆಗೆ ಹೇಳಿದರೂ ನಕ್ಷೆಯಲ್ಲಿ ಮೊದಲು ಬರೆಯಬೇಕಾದದ್ದು ಜೀವರಕ್ಷಣೆಯ ವಿಷಯ. 2024ರ ನವೆಂಬರ್ 17ರ ಭಾನುವಾರ ಉಳ್ಳಾಲ ಸಮೀಪದ ಉಚ್ಚಿಲದಲ್ಲಿ, ಒಂದು ರೆಸಾರ್ಟಿನ ಕೊಳದಲ್ಲಿ, ಮೈಸೂರಿನ ಮೂವರು ಯುವತಿಯರು ಮುಳುಗಿ ತೀರಿಕೊಂಡರು. ಕೊಳದ ಒಂದು ಬದಿಯ ಆಳ ಆರಡಿಯ ಆಸುಪಾಸು. ಒಬ್ಬಳು ಆಳಕ್ಕೆ ಜಾರಿದಳು, ಹಿಡಿಯಲು ಹೋದ ಗೆಳತಿಯರೂ ಮುಳುಗಿದರು. ಆ ದೃಶ್ಯ ಸಿಸಿಟಿವಿಯಲ್ಲಿ ದಾಖಲಾಗಿತ್ತು. ಕ್ಯಾಮೆರಾ ಇತ್ತು, ನೀರಿನ ಬಳಿ ಕಾಯುವ ಮನುಷ್ಯ ಇರಲಿಲ್ಲ. ಭಾರತದಲ್ಲಿ ವರ್ಷಕ್ಕೆ ಮೂವತ್ತು ಸಾವಿರಕ್ಕೂ ಹೆಚ್ಚು ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆ. ಮುಳುಗುವವರು ಸಿನಿಮಾದಲ್ಲಿ ತೋರಿಸುವಂತೆ ಕೂಗುವುದಿಲ್ಲ. ಬಾಯಿ ನೀರಿನ ಮೇಲೆ ಬಂದಾಗ ಉಸಿರೆಳೆದುಕೊಳ್ಳುವುದಕ್ಕೇ ಸಮಯ ಸಾಲದು. ಮೂರು ವರ್ಷದ ಮಗು ಸದ್ದಿಲ್ಲದೆ ಹೋಗಿಬಿಡುತ್ತದೆ, ಹತ್ತಡಿ ದೂರದಲ್ಲಿ ಕೂತವರಿಗೂ ತಿಳಿಯದಂತೆ.

ಹಾಗಾಗಿ ಬೇಲಿ ಇಲ್ಲದೆ ಕೊಳಕ್ಕೆ ನೀರು ಬಿಡಕೂಡದು. ಕಾಂಪೌಂಡ್ ಗೋಡೆ ಬೇಲಿಯಲ್ಲ. ಮಗು ಬರುವುದು ಮನೆಯೊಳಗಿನಿಂದ. ನಾಲ್ಕೂ ಕಡೆ, ಮನೆಯ ಕಡೆಯೂ ಸೇರಿ, ಕನಿಷ್ಠ 4 ಅಡಿ ಎತ್ತರ, ಕೆಳಗೆ ನಾಲ್ಕು ಬೆರಳಿಗಿಂತ ಹೆಚ್ಚು ಸಂದಿಯಿಲ್ಲ, ಹತ್ತಲು ಅಡ್ಡಪಟ್ಟಿಯಿಲ್ಲ, ಗೇಟು ಬಿಟ್ಟರೆ ತಾನೇ ಮುಚ್ಚಿ ಚಿಲಕ ಬೀಳಬೇಕು. ಆಸ್ಟ್ರೇಲಿಯಾದಲ್ಲಿ ಮನೆಯ ಕೊಳಗಳಿಗೆ ಇಂಥ ತಡೆ ಕಾನೂನಿನಂತೆ ಕಡ್ಡಾಯ. ನಮ್ಮಲ್ಲಿ ಕಾನೂನು ಕೇಳದಿದ್ದರೂ ನಾವು ಹಾಕಿಕೊಳ್ಳಬೇಕು. ನೋಟ ಹಾಳಾಗುತ್ತದೆ ಎಂದು ವಾಸ್ತುಶಿಲ್ಪಿ ಹೇಳಿದರೆ ಗಾಜಿನ ಬೇಲಿಯ ನಕ್ಷೆ ಕೇಳಿ. ತಳದ ಜಾಲರಿಯ ಬಗ್ಗೆಯೂ ಕೇಳಿ. ಅಮೆರಿಕದ ಮಾಜಿ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಬೇಕರ್ ಅವರ ಏಳು ವರ್ಷದ ಮೊಮ್ಮಗಳು 2002ರಲ್ಲಿ ಬಿಸಿನೀರಿನ ತೊಟ್ಟಿಯೊಂದರ ತಳದ ಹೀರುಕಿಂಡಿಗೆ ಸಿಕ್ಕಿಕೊಂಡು ಮೇಲೇಳಲಾಗದೆ ಸತ್ತಳು. ಐದು ವರ್ಷಗಳ ನಂತರ ಅಲ್ಲಿ ಅದಕ್ಕಾಗಿಯೇ ಕಾನೂನು ಬಂತು. ಒಂದರ ಬದಲು ದೂರದೂರ ಎರಡು ಕಿಂಡಿ, ಮೇಲೆ ಉಬ್ಬಿದ ಮುಚ್ಚಳ ಇದ್ದರೆ ಮೈ ಅಂಟಿಕೊಳ್ಳುವುದು ತಪ್ಪುತ್ತದೆ. ನೀರೊಳಗಿನ ದೀಪಗಳು 12 ವೋಲ್ಟಿನವೇ ಆಗಿರಲಿ, ಪಂಪಿನ ಲೈನಿಗೆ, ವಿದ್ಯುತ್ ಸೋರಿದರೆ ಕಡಿದುಹಾಕುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇರಲಿ, ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ.

ಕೊಳದ ಬದಿಯ ಗೋಡೆಗೆ ಒಂದು ಉದ್ದನೆಯ ಕೋಲು, ಹಗ್ಗ ಕಟ್ಟಿದ ತೇಲುವ ಬಳೆ ಎರಡನ್ನೂ ಕೈಗೆಟುಕುವಂತೆ ತೂಗುಹಾಕಿ. ಈಜು ಬಾರದವರು ಮುಳುಗುವವರನ್ನು ಹಿಡಿಯಲು ನೀರಿಗಿಳಿಯಬಾರದು, ಕೋಲು ಚಾಚಬೇಕು ಎಂದು ಮನೆಯ ಎಲ್ಲರಿಗೂ, ಅಡುಗೆಯವರಿಗೂ ಮಾಲಿಗೂ, ಒಮ್ಮೆ ಮಾಡಿ ತೋರಿಸಿ. ಮೇಲೆತ್ತಿದವರು ಉಸಿರಾಡದಿದ್ದರೆ ಹೊಟ್ಟೆ ಅಮುಕಿ ನೀರು ಕಕ್ಕಿಸಲು ಹೊತ್ತು ಕಳೆಯಬಾರದು. ಅಂಗಾತ ಮಲಗಿಸಿ, ಗಲ್ಲ ಎತ್ತಿ, ಮೂಗು ಹಿಡಿದು ಮೊದಲು ಬಾಯಿಂದ ಬಾಯಿಗೆ ಉಸಿರು ಕೊಡಬೇಕು. ಮುಳುಗಿದವರಿಗೆ ಕೊರತೆಯಾಗಿರುವುದು ಗಾಳಿಯದು. ಆಮೇಲೆ ಎದೆಯ ನಡುವೆ 30 ಸಲ ಒತ್ತುವುದು, 2 ಸಲ ಉಸಿರು, ಮತ್ತೆ 30. ಒತ್ತುವ ವೇಗ ನಿಮಿಷಕ್ಕೆ 100ರಿಂದ 120. ಇನ್ನೊಬ್ಬರು ಆ ಹೊತ್ತಿಗೆ 108ಕ್ಕೆ ಫೋನ್ ಮಾಡುತ್ತಿರಬೇಕು. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬಾರದು. ಇದನ್ನು ಓದಿ ಕಲಿಯಲಾಗುವುದಿಲ್ಲ, ಗೊಂಬೆಯ ಮೇಲೆ ಕೈಯಿಟ್ಟು ಕಲಿಯಬೇಕು. ಕೊಳಕ್ಕೆ ಕಾಂಕ್ರೀಟ್ ಬಿದ್ದು ಕ್ಯೂರಿಂಗ್‌ಗೆ ಬಿಟ್ಟ 28 ದಿನಗಳಲ್ಲಿ ಮನೆಯವರಿಗೆ ಬೇರೆ ಕೆಲಸವಿರುವುದಿಲ್ಲ. ಆ ತಿಂಗಳೇ ಈ ತರಬೇತಿಗೆ ಹೆಸರು ಕೊಡಿ.